ರದ್ದಿ ಕಾಗದದಿಂದ ಹೆಬ್ಬೆಟ್ಟಿನವರೆಗೆ: ವೈಯಕ್ತಿಕ ಮಾಹಿತಿಯನ್ನು ಕಳ್ಳರಿಂದ ಕಾಪಾಡಿಕೊಳ್ಳುವ ಬಗೆ

ಕೆಲವು ವರ್ಷಗಳ ಹಿಂದೆ ಬಸ್ ನಿಲ್ದಾಣವೊಂದರ ಮುಂದೆ ಕೊಂಡ ಮಸಾಲೆ ಕಡಲೆಬೀಜದ ಪೊಟ್ಟಣವನ್ನು ಬಿಡಿಸಿದಾಗ, ಅದರ ಒಳಮಗ್ಗುಲಲ್ಲಿ ಅಪರಿಚಿತರೊಬ್ಬರ ಭಾವಚಿತ್ರ ಕಾಣಿಸಿತು. ಅದು ಯಾವುದೋ ಸಾಲದ ಅರ್ಜಿಗೆ ಲಗತ್ತಿಸಿದ್ದ ಗುರುತಿನ ಚೀಟಿಯ ಜೆರಾಕ್ಸ್ ಪ್ರತಿಯಾಗಿತ್ತು. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ವಿಳಾಸ, ಅಡಿಯಲ್ಲಿ ಸಹಿ, ಸಹಿಯ ಪಕ್ಕದಲ್ಲಿ ಮೊಬೈಲ್ ಸಂಖ್ಯೆ, ಇಷ್ಟೂ ಎಣ್ಣೆಯ ಕಲೆಯ ನಡುವೆ ಚೆನ್ನಾಗಿಯೇ ಓದಲು ಬರುತ್ತಿತ್ತು. ಆ ಮನುಷ್ಯ ತನ್ನ ಫೋನಿಗೆ ಎಷ್ಟು ಗಟ್ಟಿಯಾದ ಪಾಸ್‌ವರ್ಡ್ ಇಟ್ಟಿದ್ದರೋ ಏನೋ, ಅದರಿಂದ ಈ ಕಾಗದಕ್ಕೆ ಯಾವ ರಕ್ಷಣೆಯೂ ಸಿಕ್ಕಿರಲಿಲ್ಲ.

ಮಾಹಿತಿ ಕಳವು ಎಂದಕೂಡಲೇ ಕತ್ತಲೆ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತವನೊಬ್ಬನನ್ನು ನಾವು ಊಹಿಸಿಕೊಳ್ಳುತ್ತೇವೆ. ಆದರೆ ಎಷ್ಟೋ ಕಳವುಗಳಿಗೆ ಕಂಪ್ಯೂಟರಿನ ಜ್ಞಾನವೇ ಬೇಕಾಗಿಲ್ಲ. ಒಂದು ಜೊತೆ ಚುರುಕು ಕಣ್ಣು, ನಯವಾದ ಮಾತು ಮತ್ತು ಕಸದ ಬುಟ್ಟಿಗೆ ಕೈ ಹಾಕಲು ಹೇಸದ ಮನಸ್ಸು ಇದ್ದರೆ ಸಾಕು. ಇಂಥವರಿಗೆ ಅತಿ ಹೆಚ್ಚು ನೆರವಾಗುವುದು ನಮ್ಮ ಅಜ್ಞಾನವಲ್ಲ, ನಮ್ಮ ದಾಕ್ಷಿಣ್ಯ. ಎದುರಿಗಿರುವವರು ಕೇಳಿದರು, ಕೊಡದಿದ್ದರೆ ಏನೆಂದುಕೊಂಡಾರು ಎಂಬ ಸಂಕೋಚದಿಂದಲೇ ಬಹುಪಾಲು ಮಾಹಿತಿ ಕೈಬಿಟ್ಟು ಹೋಗುತ್ತದೆ. ಆದ್ದರಿಂದ ಮುಂದೆ ಹೇಳುವ ಉಪಾಯಗಳಲ್ಲಿ ಅರ್ಧದಷ್ಟು, ಮರ್ಯಾದೆಗೆಡದೆ ಇಲ್ಲ ಎನ್ನುವುದು ಹೇಗೆ ಎಂಬುದನ್ನೇ ಕುರಿತವು.

ಜೆರಾಕ್ಸ್ ಅಂಗಡಿಯಲ್ಲಿ

ಸಿಮ್ ಕಾರ್ಡಿಗೆ, ಬಾಡಿಗೆ ಮನೆಗೆ, ಪಿಜಿಗೆ, ಹೋಟೆಲಿನ ಕೋಣೆಗೆ, ಕಲ್ಯಾಣ ಮಂಟಪದ ಬುಕಿಂಗಿಗೆ, ಹೀಗೆ ವರ್ಷದಲ್ಲಿ ನಾವು ಕೊಡುವ ಆಧಾರ್ ಪ್ರತಿಗಳ ಲೆಕ್ಕ ನಮಗೇ ಇರುವುದಿಲ್ಲ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯು, ಆಧಾರ್‌ನ ನೆರಳಚ್ಚು ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿ, ಕೊಡಲೇಬೇಕಾದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಎಂದು ಪ್ರಕಟಣೆ ಹೊರಡಿಸಿತು. ತಪ್ಪು ಅರ್ಥಕ್ಕೆ ಎಡೆಯಾಗಬಹುದೆಂಬ ಕಾರಣ ನೀಡಿ ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಅದನ್ನು ಹಿಂತೆಗೆದುಕೊಂಡು, ಸಾಮಾನ್ಯ ಎಚ್ಚರಿಕೆ ಇದ್ದರೆ ಸಾಕು ಎಂದಿತು. ಪ್ರಕಟಣೆ ಹಿಂದೆ ಹೋದರೂ ಮಾಸ್ಕ್ಡ್ ಆಧಾರ್ ಎಂಬ ಸೌಲಭ್ಯ ಹಾಗೆಯೇ ಇದೆ. ನನ್ನ ಅಭಿಪ್ರಾಯದಲ್ಲಿ ಬೆಂಗಳೂರು ಕಚೇರಿ ಹೇಳಿದ್ದೇ ಸರಿಯಾದ ಬುದ್ಧಿಮಾತಾಗಿತ್ತು.

ಇದನ್ನು ಪಡೆಯುವುದು ಕಷ್ಟವಲ್ಲ. ಪ್ರಾಧಿಕಾರದ ಜಾಲತಾಣದಲ್ಲಿ ಆಧಾರ್ ಇಳಿಸಿಕೊಳ್ಳುವಾಗ ಮಾಸ್ಕ್ಡ್ ಪ್ರತಿ ಬೇಕೆಂಬ ಆಯ್ಕೆಗೆ ಗುರುತು ಹಾಕಿ, ಮೊಬೈಲಿಗೆ ಬರುವ ಒಟಿಪಿ ನಮೂದಿಸಿದರೆ ಕಡತ ಸಿಗುತ್ತದೆ. ನಾಲ್ಕಾರು ಪ್ರತಿಗಳನ್ನು ಮೊದಲೇ ಮುದ್ರಿಸಿ ಮನೆಯಲ್ಲಿ ಇಟ್ಟುಕೊಂಡರೆ ಅವಸರದಲ್ಲಿ ಮೂಲ ಕಾರ್ಡನ್ನು ಹಿಡಿದು ಜೆರಾಕ್ಸ್ ಅಂಗಡಿಗೆ ಓಡುವ ಪ್ರಮೇಯ ಬರುವುದಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ: ಆ ಕಡತದ ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರಗಳು ಮತ್ತು ಹುಟ್ಟಿದ ವರ್ಷ. ನಮ್ಮ ಹೆಸರು ಮತ್ತು ವಯಸ್ಸನ್ನು ಬಲ್ಲ ಯಾರು ಬೇಕಾದರೂ ಅದನ್ನು ಊಹಿಸಬಲ್ಲರು. ಆದ್ದರಿಂದ ಕಡತಕ್ಕೆ ಬೀಗವಿದೆಯಲ್ಲ ಎಂದು ನಂಬಿ ಪೂರ್ಣ ಸಂಖ್ಯೆಯ ಆಧಾರ್ ಕಡತವನ್ನು ವಾಟ್ಸ್ಆ್ಯಪ್‌ನಲ್ಲಿ ಹತ್ತು ಕಡೆ ಕಳುಹಿಸುವುದು ಸಲ್ಲದು.

ಯಾವುದೇ ಗುರುತಿನ ಚೀಟಿಯ ಪ್ರತಿ ಕೊಡುವಾಗಲೂ ಅದರ ಮೇಲೆ ಅಡ್ಡಲಾಗಿ, ಅಕ್ಷರಗಳು ಚಿತ್ರವನ್ನೂ ಬರಹವನ್ನೂ ದಾಟಿ ಹೋಗುವಂತೆ, ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ ಕೊಟ್ಟದ್ದು ಎಂದು ಬರೆದು ಸಹಿ ಹಾಕಬೇಕು. ‘ಇಂಥ ವಿಳಾಸದ ಮನೆ ಬಾಡಿಗೆ ಕರಾರಿಗೆ ಮಾತ್ರ’ ಎಂದು ಬರೆದಿರುವ ಪ್ರತಿಯನ್ನು ಸಿಮ್ ಕೊಳ್ಳಲೋ ಸಾಲ ಎತ್ತಲೋ ಬಳಸುವುದು ಕಳ್ಳನಿಗೆ ಅಷ್ಟು ಸುಲಭವಲ್ಲ. ಸಹಿಯನ್ನು ಮೂಲೆಯ ಖಾಲಿ ಜಾಗದಲ್ಲಿ ಹಾಕುವ ರೂಢಿ ನಮ್ಮಲ್ಲಿದೆ. ಆದರೆ ಹಾಗೆ ಹಾಕಿದ ಸಹಿಯನ್ನು ಕತ್ತರಿಸಿ ಇನ್ನೊಂದು ಕಾಗದದ ಮೇಲಿಟ್ಟು ಮತ್ತೊಮ್ಮೆ ಜೆರಾಕ್ಸ್ ಮಾಡಿದರೆ ಹೊಸ ದಾಖಲೆ ಸಿದ್ಧವಾಗಿಬಿಡುತ್ತದೆ.

ಅಂಗಡಿಯಲ್ಲಿ ಗಮನಿಸಬೇಕಾದವು ಇನ್ನೂ ಇವೆ. ಮಸುಕಾಗಿಯೋ ಸೊಟ್ಟಗೋ ಬಂದ ಪ್ರತಿಯನ್ನು ಅಂಗಡಿಯವರು ಪಕ್ಕದ ಡಬ್ಬಕ್ಕೆ ಎಸೆಯುತ್ತಾರೆ. ಅದನ್ನು ಕೇಳಿ ತೆಗೆದುಕೊಳ್ಳಬೇಕು. ಮೂಲ ಕಾರ್ಡನ್ನು ಯಂತ್ರದ ಗಾಜಿನ ಮೇಲೆಯೇ ಮರೆತು ಬರುವವರು ಬಹಳ. ಮುದ್ರಣಕ್ಕಾಗಿ ಅಂಗಡಿಯ ವಾಟ್ಸ್ಆ್ಯಪ್‌ಗೋ ಇ-ಮೇಲ್‌ಗೋ ಕಡತ ಕಳುಹಿಸಿದರೆ ಅದು ಅಲ್ಲಿನ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ತಿಂಗಳುಗಟ್ಟಲೆ ಬಿದ್ದಿರುತ್ತದೆ. ‘ಅಣ್ಣಾ, ಆ ಫೈಲ್ ಅಳಿಸಿಬಿಡಿ, ರಿಸೈಕಲ್ ಬಿನ್‌ನಿಂದಲೂ ತೆಗೆದುಬಿಡಿ’ ಎಂದು ನಿಂತು ಹೇಳಿದರೆ ಯಾರೂ ಬೇಸರಿಸಿಕೊಳ್ಳುವುದಿಲ್ಲ. ನಾನು ವರ್ಷಗಳಿಂದ ಕೇಳುತ್ತಿದ್ದೇನೆ. ಒಬ್ಬರು ಮಾತ್ರ ಒಮ್ಮೆ ಗೊಣಗಿದರು, ಆದರೂ ಅಳಿಸಿದರು.

ಹೆಬ್ಬೆಟ್ಟಿನ ಗುರುತು

ಕೈಬರಹದ ಸಹಿಗಿಂತ ಬೆರಳಚ್ಚು ಸುರಕ್ಷಿತ ಎಂಬುದು ಹಿರಿಯರ ನಂಬಿಕೆ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆ, ಅಂದರೆ ಎಇಪಿಎಸ್, ಬಂದ ಮೇಲೆ ಈ ನಂಬಿಕೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಗಿದೆ. ಹಳ್ಳಿಯಲ್ಲಿ ಬ್ಯಾಂಕಿನ ಪ್ರತಿನಿಧಿಯಾಗಿ ಕೆಲಸ ಮಾಡುವ ಬ್ಯಾಂಕ್ ಮಿತ್ರರ ಬಳಿ ಹಣ ತೆಗೆಯಲು ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಇದ್ದರೆ ಸಾಕು. ಪಿನ್ ಬೇಡ, ಒಟಿಪಿ ಬೇಡ. ಓದುಬರಹ ಬಾರದವರಿಗೆ ಇದು ನಿಜಕ್ಕೂ ದೊಡ್ಡ ಅನುಕೂಲ. ಆದರೆ 2023ರಲ್ಲಿ ಮಂಗಳೂರು ಮತ್ತು ಬೆಂಗಳೂರಿನಲ್ಲಿ, ಆಸ್ತಿ ನೋಂದಣಿ ಮಾಡಿಸಿಕೊಂಡವರ ಖಾತೆಗಳಿಂದ ಅವರಿಗೆ ತಿಳಿಯದೆಯೇ ಹಣ ಹೋದ ದೂರುಗಳು ಪೊಲೀಸರ ಮುಂದೆ ಬಂದವು. ನೋಂದಾಯಿತ ಕ್ರಯಪತ್ರದ ಪ್ರತಿಯಲ್ಲಿ ಆಧಾರ್ ಸಂಖ್ಯೆಯೂ ಇರುತ್ತಿತ್ತು, ಹೆಬ್ಬೆಟ್ಟಿನ ಗುರುತೂ ಇರುತ್ತಿತ್ತು. ಆ ಗುರುತನ್ನು ಅಚ್ಚು ತೆಗೆದು ಕೃತಕ ಬೆರಳನ್ನು ಮಾಡಿಕೊಳ್ಳುವುದಕ್ಕೆ ರಬ್ಬರ್ ಸ್ಟಾಂಪ್ ಮಾಡುವವನ ಕೈಚಳಕಕ್ಕಿಂತ ಹೆಚ್ಚಿನದೇನೂ ಬೇಕಾಗುವುದಿಲ್ಲ.

ಇದಕ್ಕೆ ಪರಿಹಾರ ನಮ್ಮ ಕೈಯಲ್ಲೇ ಇದೆ. ಆಧಾರ್ ಪ್ರಾಧಿಕಾರದ ಜಾಲತಾಣ ಅಥವಾ ಆ್ಯಪ್ ಮೂಲಕ ಬಯೋಮೆಟ್ರಿಕ್ ಲಾಕ್ ಹಾಕಿದರೆ ಬೆರಳಚ್ಚು, ಕಣ್ಣಿನ ಪಾಪೆಗಳಿಂದ ಯಾರೂ, ಸ್ವತಃ ನಾವೂ ಸಹ, ಗುರುತು ದೃಢೀಕರಿಸಲಾಗುವುದಿಲ್ಲ. ಬೇಕಾದಾಗ ತಾತ್ಕಾಲಿಕವಾಗಿ ತೆರೆದರೆ ಸ್ವಲ್ಪ ಹೊತ್ತಿನ ನಂತರ ಅದು ತಾನಾಗಿ ಮತ್ತೆ ಮುಚ್ಚಿಕೊಳ್ಳುತ್ತದೆ. ಪಟ್ಟಣದಲ್ಲಿರುವವರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಆದರೆ ಊರಿನಲ್ಲಿರುವ ತಂದೆತಾಯಿಯರ ಆಧಾರ್‌ಗೆ ಲಾಕ್ ಹಾಕಿ ಹಾಗೆಯೇ ಬೆಂಗಳೂರಿಗೆ ಬಸ್ ಹತ್ತಿಬಿಟ್ಟರೆ, ಅವರು ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಿಟ್ಟು ಬೆರಳಿಟ್ಟು ಅಕ್ಕಿಯಿಲ್ಲದೆ ಹಿಂದಿರುಗಬೇಕಾಗುತ್ತದೆ. ಪಿಂಚಣಿದಾರರಿಗೆ ಜೀವನ ಪ್ರಮಾಣ ಪತ್ರದ ಸಮಯದಲ್ಲಿಯೂ ಇದೇ ಪಾಡು. ಆದ್ದರಿಂದ ಪಡಿತರ ತರುವ ದಿನ ಲಾಕ್ ತೆರೆಯುವುದು ಯಾರ ಹೊಣೆ ಎಂಬುದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಬೇಕು. ಎಇಪಿಎಸ್ ಬಳಸುವುದೇ ಇಲ್ಲ ಎನ್ನುವವರು ತಮ್ಮ ಖಾತೆಗೆ ಆ ಸೌಲಭ್ಯವನ್ನು ನಿಲ್ಲಿಸುವಂತೆ ಬ್ಯಾಂಕಿಗೆ ಲಿಖಿತ ಮನವಿ ಕೊಡಬಹುದು. ಪ್ರಾಧಿಕಾರದ ಜಾಲತಾಣದಲ್ಲಿ ದೃಢೀಕರಣದ ಇತಿಹಾಸವೂ ಸಿಗುತ್ತದೆ. ಕಳೆದ 6 ತಿಂಗಳಲ್ಲಿ ನಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಯಿತು ಎಂಬುದನ್ನು ಅಲ್ಲಿ ನೋಡಬಹುದು. ನಾವು ಊರಲ್ಲೇ ಇಲ್ಲದ ದಿನ ಬೆರಳಚ್ಚಿನ ದೃಢೀಕರಣ ಕಂಡುಬಂದರೆ ಕೂಡಲೇ ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡಬೇಕು.

ಎಟಿಎಂ ಮತ್ತು ಬ್ಯಾಂಕಿನ ಒಳಗೆ

ಎಟಿಎಂನಲ್ಲಿ ಇಂದಿಗೂ ನಡೆಯುವ ಮೋಸಗಳಲ್ಲಿ ಅತ್ಯಂತ ಸರಳವಾದದ್ದು ಕಾರ್ಡ್ ಅದಲುಬದಲು. ಯಂತ್ರದ ಮುಂದೆ ತಡವರಿಸುತ್ತಿರುವ ಹಿರಿಯರೊಬ್ಬರ ಬಳಿಗೆ ಸಭ್ಯನಂತೆ ಕಾಣುವವನೊಬ್ಬ ಬರುತ್ತಾನೆ. ‘ಯಜಮಾನರೇ, ಕಾರ್ಡ್ ಉಲ್ಟಾ ಹಾಕಿದ್ದೀರಿ, ಕೊಡಿ’ ಎನ್ನುತ್ತಾನೆ. ಪಿನ್ ಒತ್ತುವುದನ್ನು ನೋಡುತ್ತಾನೆ, ಹಣ ಬರುತ್ತಿಲ್ಲ ಎಂದು ಹೇಳಿ ಅದೇ ಬ್ಯಾಂಕಿನ, ಅದೇ ಬಣ್ಣದ ಇನ್ನೊಂದು ಕಾರ್ಡನ್ನು ಅವರ ಕೈಗಿಟ್ಟು ಹೊರಡುತ್ತಾನೆ. ಮನೆಗೆ ಹೋಗಿ ಕಾರ್ಡಿನ ಮೇಲಿನ ಹೆಸರನ್ನು ಓದುವ ಅಭ್ಯಾಸ ಯಾರಿಗಿದೆ? ಆದ್ದರಿಂದ ಕಾರ್ಡಿನ ಮೇಲೆ ಒಂದು ಸಣ್ಣ ಗುರುತನ್ನು, ಬಣ್ಣದ ಚುಕ್ಕಿಯನ್ನೋ ಅಂಟುಚೀಟಿಯನ್ನೋ, ಹಾಕಿಕೊಡುವುದು ಹಿರಿಯರಿಗೆ ನಾವು ಮಾಡಬಹುದಾದ ಸುಲಭದ ಉಪಕಾರ. ಕಾರ್ಡಿನ ಲಕೋಟೆಯ ಮೇಲೆ ಪಿನ್ ಬರೆದಿಟ್ಟಿದ್ದರೆ ಅದನ್ನು ಇಂದೇ ಹರಿದುಹಾಕಬೇಕು. ಪಿನ್ ಒತ್ತುವಾಗ ಇನ್ನೊಂದು ಕೈಯನ್ನು ಕೀಲಿಗಳ ಮೇಲೆ ಕೊಡೆಯಂತೆ ಹಿಡಿದರೆ ಹಿಂದೆ ನಿಂತವರ ಕಣ್ಣಿನಿಂದಲೂ, ಮೇಲೆ ಅಡಗಿಸಿಟ್ಟಿರಬಹುದಾದ ಕ್ಯಾಮೆರಾದಿಂದಲೂ ರಕ್ಷಣೆ ಸಿಗುತ್ತದೆ. ಕಾರ್ಡ್ ಯಂತ್ರದಲ್ಲೇ ಸಿಕ್ಕಿಕೊಂಡರೆ ಸಹಾಯಕ್ಕೆ ಬಂದವನ ಮಾತು ಕೇಳಿ ಮತ್ತೆ ಮತ್ತೆ ಪಿನ್ ಒತ್ತುವುದಾಗಲಿ, ಯಂತ್ರವನ್ನು ಬಿಟ್ಟು ಹೊರಗೆ ಹೋಗುವುದಾಗಲಿ ಬೇಡ. ಅಲ್ಲೇ ನಿಂತು ಬ್ಯಾಂಕಿಗೆ ಕರೆ ಮಾಡಿ ಕಾರ್ಡನ್ನು ನಿಷ್ಕ್ರಿಯಗೊಳಿಸಿ, ನಂತರ ಹೊರಬರಬೇಕು.

ತಾಗಿಸಿ ಪಾವತಿಸುವ ಕಾರ್ಡುಗಳಲ್ಲಿ 5,000 ರೂಪಾಯಿವರೆಗೆ ಪಿನ್ ಇಲ್ಲದೆಯೇ ಹಣ ಕೊಡಬಹುದು. ಕಾರ್ಡ್ ಬಿದ್ದುಹೋದರೆ ಸಿಕ್ಕಿದವನಿಗೂ ಅದೇ ಅನುಕೂಲ. ಈ ಸೌಲಭ್ಯವನ್ನು ಬೇಕೆಂದಾಗ ಚಾಲೂ ಮಾಡುವ, ಬೇಡವೆಂದಾಗ ನಿಲ್ಲಿಸುವ ವ್ಯವಸ್ಥೆಯನ್ನು ರಿಸರ್ವ್ ಬ್ಯಾಂಕಿನ 2020ರ ಸೂಚನೆಯಂತೆ ಬ್ಯಾಂಕುಗಳು ನೀಡಿವೆ; ಬಳಸದವರು ನಿಲ್ಲಿಸಿಬಿಡುವುದು ಒಳ್ಳೆಯದು.

ಬ್ಯಾಂಕಿನ ಒಳಗೆ ಚಲನ್ ತುಂಬುವ ಮೇಜಿನ ಕೆಳಗಿನ ಬುಟ್ಟಿಯನ್ನೊಮ್ಮೆ ನೋಡಿ. ತಪ್ಪಾಗಿ ಬರೆದು ಎಸೆದ ಚೀಟಿಗಳಲ್ಲಿ ಖಾತೆ ಸಂಖ್ಯೆ, ಹೆಸರು, ಫೋನ್ ಸಂಖ್ಯೆ, ಕೆಲವೊಮ್ಮೆ ಸಹಿ ಕೂಡ ಇರುತ್ತದೆ. ತಪ್ಪಾದ ಚೀಟಿಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ತರಬೇಕು. ಚಲನ್ ತುಂಬಲು ನೆರವು ಬೇಕಾದವರು ಅಪರಿಚಿತರನ್ನು ಕೇಳದೆ ಸಿಬ್ಬಂದಿಯನ್ನೇ ಕೇಳಬೇಕು.

ಫೋನಿನಲ್ಲಿ ಕೇಳಿಬರುವ ನಯವಾದ ದನಿ

ಹೀಗೆ ಒಟ್ಟುಗೂಡಿಸಿದ ತುಣುಕುಗಳೆಲ್ಲ ಫಲ ಕೊಡುವುದು ಫೋನ್ ಕರೆಯಲ್ಲಿ. ಹನಿ ಹನಿ ಕೂಡಿ ಹಳ್ಳವಾಗುವುದನ್ನು ಇಲ್ಲಿ ಕಣ್ಣಾರೆ ಕಾಣಬಹುದು: ಕೊರಿಯರ್ ಪೊಟ್ಟಣದ ಚೀಟಿಯಿಂದ ಹೆಸರು, ವಿಳಾಸ, ಫೋನ್ ಸಂಖ್ಯೆ, ಲಕ್ಕಿ ಡ್ರಾ ಚೀಟಿಯಿಂದ ಹುಟ್ಟಿದ ದಿನ, ಎಸೆದ ಎಟಿಎಂ ರಸೀದಿಯಿಂದ ಬ್ಯಾಂಕಿನ ಹೆಸರು. ಇಷ್ಟಿದ್ದರೆ ಕರೆ ಮಾಡಿದವನು ‘ಸರ್, ನಿಮ್ಮ ಹುಟ್ಟಿದ ದಿನ ಇಂಥದ್ದು, ಖಾತೆ ಇಂಥ ಬ್ಯಾಂಕಿನಲ್ಲಿದೆ, ಸರಿಯೇ?’ ಎಂದು ಆರಂಭಿಸಬಲ್ಲ. ಇಷ್ಟೆಲ್ಲ ಗೊತ್ತಿರುವವನು ಬ್ಯಾಂಕಿನವನೇ ಇರಬೇಕು ಎಂದು ನಾವು ನಂಬುತ್ತೇವೆ. ಈ ತರ್ಕವೇ ತಲೆಕೆಳಗಾದದ್ದು. ನಮ್ಮ ಬಗ್ಗೆ ತಿಳಿದಿರುವುದು ಕರೆ ಮಾಡಿದವನ ಗುರುತಿಗೆ ಸಾಕ್ಷಿಯಾಗುವುದಿಲ್ಲ; ಅವನ ಬಳಿ ಇಲ್ಲದ ಒಂದು ತುಣುಕು, ಒಟಿಪಿಯೋ ಕಾರ್ಡಿನ ಮೇಲಿನ ಗುಪ್ತ ಅಂಕಿಗಳಾದ ಸಿವಿವಿಯೋ, ನಮ್ಮಿಂದ ಬೇಕಾಗಿದೆ ಎಂಬುದಷ್ಟೇ ಅದರ ಅರ್ಥ.

ಇದಕ್ಕೆ ಉತ್ತರ ಒಂದೇ. ‘ನಾನೇ ಮರಳಿ ಕರೆ ಮಾಡುತ್ತೇನೆ’ ಎಂದು ಹೇಳಿ ಫೋನ್ ಇಟ್ಟು, ಅವನು ಕೊಟ್ಟ ಸಂಖ್ಯೆಗಲ್ಲ, ಕಾರ್ಡಿನ ಹಿಂಬದಿಯಲ್ಲೋ ಪಾಸ್‌ಬುಕ್ಕಿನಲ್ಲೋ ಅಚ್ಚಾಗಿರುವ ಸಂಖ್ಯೆಗೆ ಕರೆ ಮಾಡುವುದು. ನಿಜವಾದ ಬ್ಯಾಂಕಿನವರಿಗೆ ಇದರಿಂದ ಅವಮಾನವಾಗುವುದಿಲ್ಲ. ಇಂದು ರಾತ್ರಿಯೇ ಕರೆಂಟ್ ಕಟ್ ಮಾಡುತ್ತೇವೆ, ಇನ್ನು ಅರ್ಧ ಗಂಟೆಯಲ್ಲಿ ಸಿಮ್ ಬಂದ್ ಆಗುತ್ತದೆ ಎಂದು ಅವಸರಪಡಿಸಿದಷ್ಟೂ ಅನುಮಾನ ಹೆಚ್ಚಬೇಕು.

ಇದರದೇ ಒಂದು ರೂಪಾಂತರ ಕೊರಿಯರ್ ಹುಡುಗನ ಹೆಸರಿನಲ್ಲಿ ಬರುತ್ತದೆ. ‘ನಿಮ್ಮ ಪಾರ್ಸೆಲ್ ತಂದಿದ್ದೇನೆ, ವಿಳಾಸ ಸಿಗುತ್ತಿಲ್ಲ, ಈ ಸಂಖ್ಯೆ ಒತ್ತಿ’ ಎನ್ನುತ್ತಾ ನಕ್ಷತ್ರ ಚಿಹ್ನೆಯಿಂದ ಆರಂಭವಾಗಿ ಮುಂದೆ ಒಂದು ಮೊಬೈಲ್ ಸಂಖ್ಯೆ ಇರುವ ಕೋಡನ್ನು ಒತ್ತಿಸುತ್ತಾರೆ. ಅಲ್ಲಿಂದ ಮುಂದೆ ನಮಗೆ ಬರಬೇಕಾದ ಕರೆಗಳು ಅವರ ಫೋನಿಗೆ ಹೋಗುತ್ತವೆ, ಕರೆಯ ಮೂಲಕ ತಿಳಿಸುವ ಒಟಿಪಿಯೂ ಸೇರಿದಂತೆ. ಹೀಗೆ ಒತ್ತಿಬಿಟ್ಟಿದ್ದರೆ ##002# ಒತ್ತಿ ಎಲ್ಲ ಕರೆ ವರ್ಗಾವಣೆಗಳನ್ನೂ ರದ್ದುಗೊಳಿಸಬಹುದು.

ಅಂಗಡಿ, ಗೇಟು, ಬಸ್ಸು

ಬಿಲ್ ಮಾಡುವಾಗ ಮೊಬೈಲ್ ಸಂಖ್ಯೆ ಕೊಡಲೇಬೇಕೆಂದು ಗ್ರಾಹಕರನ್ನು ಒತ್ತಾಯಿಸಬಾರದು ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಚಿಲ್ಲರೆ ವ್ಯಾಪಾರಿಗಳಿಗೆ ಸೂಚಿಸಿದೆ. ‘ನಂಬರ್ ಕೊಡುವುದಿಲ್ಲ, ಹಾಗೆಯೇ ಬಿಲ್ ಮಾಡಿ’ ಎಂದರೆ ಸಾಮಾನ್ಯವಾಗಿ ಬಿಲ್ ಆಗಿಯೇ ಆಗುತ್ತದೆ. ಕೌಂಟರಿನಲ್ಲಿ ಸಂಖ್ಯೆಯನ್ನು ಗಟ್ಟಿಯಾಗಿ ಹೇಳುವುದು, ತುಂಬಿದ ಬಸ್ಸಿನಲ್ಲಿ ಫೋನಿನಲ್ಲಿ ಆಧಾರ್‌ನ 12 ಅಂಕಿಗಳನ್ನು ಒಂದೊಂದಾಗಿ ಓದಿ ಹೇಳುವುದು, ಇವು ನಮ್ಮ ನಿತ್ಯದ ದೃಶ್ಯಗಳು. ಒಮ್ಮೆ ನಮ್ಮ ಬಸ್ಸಿನಲ್ಲಿ ಒಬ್ಬರು ಹೇಳಿದ ಸಂಖ್ಯೆಯಲ್ಲಿ ತಪ್ಪಾದಾಗ ಹಿಂದಿನ ಸೀಟಿನವರು ತಿದ್ದಿದರು. ಎಲ್ಲರೂ ನಕ್ಕೆವು, ಆದರೆ ಅದು ನಗುವ ವಿಷಯವಾಗಿರಲಿಲ್ಲ.

ಅಪಾರ್ಟ್‌ಮೆಂಟಿನ ಗೇಟಿನ ರಿಜಿಸ್ಟರಿನಲ್ಲಿ ನಮ್ಮ ಹೆಸರು ಬರೆಯುವಾಗ ಮೇಲಿನ ಹತ್ತು ಜನರ ಹೆಸರು, ಸಂಖ್ಯೆಗಳು ನಮಗೆ ಕಾಣುತ್ತವೆ. ನಮ್ಮದು ಹನ್ನೊಂದನೆಯವರಿಗೆ ಕಾಣುತ್ತದೆ. ಅಲ್ಲಿ ಮನೆ ಸಂಖ್ಯೆ ಮತ್ತು ಹೆಸರು ಸಾಕು. ಹುಟ್ಟಿದ ದಿನವನ್ನೋ ಆಧಾರ್ ಸಂಖ್ಯೆಯನ್ನೋ ಬರೆಯಬೇಕಾಗಿಲ್ಲ. ಪೆಟ್ರೋಲ್ ಬಂಕ್ ಮತ್ತು ಮಾಲ್‌ಗಳ ಲಕ್ಕಿ ಡ್ರಾ ಚೀಟಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ತುಂಬಲೇಬೇಡಿ.

ಮನೆಯ ಕಾಗದಪತ್ರ

ಹಳೆಯ ಪಾಸ್‌ಬುಕ್, ಬ್ಯಾಂಕಿನ ಪತ್ರ, ವಿಮೆಯ ಕಂತಿನ ರಸೀದಿ, ಆಸ್ಪತ್ರೆಯ ಚೀಟಿ, ಮಕ್ಕಳ ಶಾಲೆಯ ಅರ್ಜಿ, ಇವೆಲ್ಲವೂ ಪತ್ರಿಕೆಗಳ ಜೊತೆ ಕಟ್ಟಾಗಿ ತೂಕಕ್ಕೆ ಹೋಗುತ್ತವೆ. ರದ್ದಿಯವರಿಗೆ ಕೊಡುವ ಮುನ್ನ ಕಟ್ಟನ್ನು ಒಮ್ಮೆ ಬಿಚ್ಚಿ, ಹೆಸರು ಮತ್ತು ಸಂಖ್ಯೆ ಇರುವ ಕಾಗದಗಳನ್ನು ಬೇರೆ ಮಾಡಬೇಕು. ಅವುಗಳನ್ನು ಎರಡು ಭಾಗವಾಗಿ ಹರಿದರೆ ಸಾಲದು. ಸಂಖ್ಯೆಯ ಅಂಕಿಗಳು ಬೇರೆ ಬೇರೆ ತುಂಡುಗಳಿಗೆ ಹೋಗುವಂತೆ ಚೂರು ಮಾಡಿ, ರಾತ್ರಿ ಬಕೆಟ್ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಹಿಂಡಿ ಹಸಿ ಕಸಕ್ಕೆ ಹಾಕಿದರೆ ಅದನ್ನು ಜೋಡಿಸಲು ಯಾರಿಂದಲೂ ಆಗದು. ಮಲೆನಾಡಿನ ಮನೆಗಳಲ್ಲಿ ಬಚ್ಚಲ ಹಂಡೆಯ ಒಲೆ ಈ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತದೆ. ಅವಧಿ ಮುಗಿದ ಕಾರ್ಡನ್ನು ಚಿಪ್ ಮತ್ತು ಕಪ್ಪು ಪಟ್ಟಿ ಎರಡೂ ತುಂಡಾಗುವಂತೆ ಕತ್ತರಿಸಬೇಕು. ಕೊರಿಯರ್ ಪೆಟ್ಟಿಗೆಯನ್ನು ಎಸೆಯುವ ಮುನ್ನ ಚೀಟಿಯನ್ನು ಕಿತ್ತು ತೆಗೆಯಬೇಕು.

ಮನೆಯಲ್ಲಿ ಸಾವು ಸಂಭವಿಸಿದಾಗ ಈ ಎಚ್ಚರಿಕೆ ಸಹಜವಾಗಿಯೇ ತಪ್ಪಿಹೋಗುತ್ತದೆ. ಪತ್ರಿಕೆಯ ಶ್ರದ್ಧಾಂಜಲಿ ಪ್ರಕಟಣೆಯಲ್ಲಿ ಪೂರ್ಣ ಹೆಸರು, ಹುಟ್ಟಿದ ದಿನ, ಮನೆಯ ವಿಳಾಸ, ಉತ್ತರಕ್ರಿಯೆಯ ವೇಳೆ ಎಲ್ಲವೂ ಅಚ್ಚಾಗುತ್ತವೆ. ಹುಟ್ಟಿದ ದಿನದ ಬದಲು ವಯಸ್ಸನ್ನಷ್ಟೇ ಕೊಟ್ಟರೂ ನೆನಪಿಗೆ ಯಾವ ಕೊರತೆಯೂ ಆಗುವುದಿಲ್ಲ. ತೀರಿಕೊಂಡವರ ಸಿಮ್ ಮತ್ತು ಖಾತೆಗಳನ್ನು ಮರಣ ಪ್ರಮಾಣ ಪತ್ರ ಸಿಕ್ಕ ಕೂಡಲೇ ಮುಚ್ಚಿಸುವುದು ಅಥವಾ ವರ್ಗಾಯಿಸುವುದು ಮನೆಯ ಒಬ್ಬರ ಹೊಣೆಯಾಗಿರಲಿ.

ಫೋನೇ ಕಳುವಾದರೆ

ಪರದೆಗೆ ಬೀಗವಿದ್ದರೂ ಕಳ್ಳನು ಸಿಮ್ ತೆಗೆದು ತನ್ನ ಫೋನಿಗೆ ಹಾಕಿಕೊಂಡರೆ ಒಟಿಪಿಗಳೆಲ್ಲ ಅವನಿಗೇ ಬರುತ್ತವೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಲಾಕ್ ಹಾಕಿ ಅದಕ್ಕೊಂದು ಪಿನ್ ಇಟ್ಟರೆ ಈ ದಾರಿ ಮುಚ್ಚುತ್ತದೆ. ಮೂರು ಬಾರಿ ತಪ್ಪಾದರೆ ಸಿಮ್ ಅನ್ನು ಮತ್ತೆ ತೆರೆಯುವ ಪಿಯುಕೆ ಸಂಖ್ಯೆ ಬೇಕಾಗುವುದರಿಂದ ಅದನ್ನು ಸಿಮ್ ಕೊಟ್ಟ ಕಂಪನಿಯಿಂದ ಮೊದಲೇ ಪಡೆದು ಬರೆದಿಟ್ಟುಕೊಂಡು ಆಮೇಲೆ ಲಾಕ್ ಹಾಕಬೇಕು. ಬೀಗ ಹಾಕಿದ ಪರದೆಯ ಮೇಲೆ ಸಂದೇಶದ ಒಳವಿವರ ಕಾಣದಂತೆಯೂ ಮಾಡಿಡಬೇಕು. ಫೋನ್ ಕೈಯಲ್ಲೇ ಇದ್ದು, ಎಲ್ಲರಿಗೂ ಸಿಗ್ನಲ್ ಇದ್ದು, ನಮ್ಮದೊಂದಕ್ಕೆ ಮಾತ್ರ ಗಂಟೆಗಟ್ಟಲೆ ಇಲ್ಲದಿದ್ದರೆ, ನಮ್ಮ ದಾಖಲೆಯ ಪ್ರತಿ ತೋರಿಸಿ ಬೇರೊಬ್ಬರು ಹೊಸ ಸಿಮ್ ಪಡೆದಿರಬಹುದು. ತಡಮಾಡದೆ ಕಂಪನಿಯನ್ನು ವಿಚಾರಿಸಬೇಕು.

ನಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಿ, ನಮ್ಮದಲ್ಲದ್ದನ್ನು ಅಲ್ಲಿಂದಲೇ ವರದಿ ಮಾಡಬಹುದು. ಕಳುವಾದ ಫೋನನ್ನು ನಿರ್ಬಂಧಿಸುವ ಸೌಲಭ್ಯವೂ ಅಲ್ಲಿದೆ. ಪ್ಯಾನ್ ಪ್ರತಿಯಿಂದ ಯಾರಾದರೂ ಸಾಲ ಎತ್ತಿದ್ದಾರೆಯೇ ಎಂದು ತಿಳಿಯಲು ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಈ ನಾಲ್ಕೂ ಸಾಲ ಮಾಹಿತಿ ಸಂಸ್ಥೆಗಳಿಂದ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು ನಮಗಿದೆ. ಮೂರು ತಿಂಗಳಿಗೊಂದು ಸಂಸ್ಥೆಯಿಂದ ತರಿಸಿಕೊಂಡರೆ ವರ್ಷವಿಡೀ ಕಣ್ಣಿಟ್ಟಂತಾಗುತ್ತದೆ.

ಹಣ ಹೋದದ್ದು ತಿಳಿದ ಮೇಲೆ

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಇಲ್ಲಿ ಪೂರ್ತಿ ಸಲ್ಲುವುದಿಲ್ಲ; ಬೇಗ ಹಾಕಿದ ಬಾಗಿಲಿಗೆ ಇಲ್ಲಿ ಬೆಲೆಯಿದೆ. ಮೊದಲ ಕರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ, ಎರಡನೆಯದು ಬ್ಯಾಂಕಿಗೆ. ಹಣ ಇನ್ನೊಂದು ಖಾತೆಯಿಂದ ಹೊರಬೀಳುವ ಮೊದಲು ತಡೆಹಿಡಿಯುವ ಸಾಧ್ಯತೆ ಇರುವುದು ಮೊದಲ ಕೆಲವು ಗಂಟೆಗಳಲ್ಲಿಯೇ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕರ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಹೊರಗಿನವರಿಂದ ನಡೆದ ಅನಧಿಕೃತ ವಿದ್ಯುನ್ಮಾನ ವ್ಯವಹಾರವನ್ನು, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರು ನಷ್ಟ ಹೊರಬೇಕಾಗಿಲ್ಲ. ಒಟಿಪಿಯನ್ನೋ ಪಿನ್ನನ್ನೋ ನಾವೇ ಹೇಳಿಕೊಟ್ಟಿದ್ದರೆ ಮಾತ್ರ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದೇ. ಆದ್ದರಿಂದ ಬ್ಯಾಂಕಿನ ಸಂದೇಶಗಳು ಬರುವ ಸಂಖ್ಯೆ ಈಗಲೂ ನಮ್ಮ ಬಳಕೆಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಹಿರಿಯರ ಖಾತೆಗೆ ಎಂದೋ ಬಿಟ್ಟುಹೋದ ಹಳೆಯ ನಂಬರೇ ಜೋಡಣೆಯಾಗಿರುವುದುಂಟು.

ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ದಾಖಲಿಸಬಹುದು, ಠಾಣೆಯಲ್ಲಿಯೂ ಕೊಡಬಹುದು. ಬೇರೊಬ್ಬರ ಪಾಸ್‌ವರ್ಡ್, ವಿದ್ಯುನ್ಮಾನ ಸಹಿ ಅಥವಾ ಇನ್ನಾವುದೇ ವಿಶಿಷ್ಟ ಗುರುತನ್ನು ವಂಚನೆಯಿಂದ ಬಳಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ 3 ವರ್ಷದವರೆಗೆ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗೆ ದಂಡವಿದೆ. ದೂರಿನ ಸಂಖ್ಯೆ, ಬ್ಯಾಂಕಿನಲ್ಲಿ ಮಾತನಾಡಿದವರ ಹೆಸರು, ದಿನ, ವೇಳೆ ಇವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಆಧಾರ್, ಪ್ಯಾನ್ ಪ್ರತಿಗಳನ್ನು ಯಾರಿಗೆ, ಎಂದು ಕೊಟ್ಟೆವೆಂಬ ಪಟ್ಟಿಯೂ ಅದೇ ಪುಸ್ತಕದಲ್ಲಿದ್ದರೆ, ಪ್ರತಿ ಎಲ್ಲಿಂದ ಹೊರಗೆ ಹೋಗಿರಬಹುದು ಎಂದು ಪೊಲೀಸರು ಕೇಳಿದಾಗ ತೋರಿಸಲು ನಮ್ಮ ಕೈಯಲ್ಲಿ ಏನಾದರೂ ಇರುತ್ತದೆ.